ಎಂ ಎ ಟಿ ಅಂದರೆ ಬೆಕ್ಕು

ಸುಧಾರಾಣಿ ಟೀಚರ್ ಮೇಜು ಕುಟ್ಟಿದರೆ ಸಾಕು, ಎರಡನೆಯ ತರಗತಿಗೆ ಒಂದೇ ಗಂಟಲು. ರಾಜಶ್ರೀ ಎದ್ದು ನಿಂತು ಹೇಳಿಕೊಡುವಳು, ಉಳಿದ ಹದಿನೆಂಟು ಮಕ್ಕಳು ಅವಳ ಹಿಂದೆ ಕೂಗುವರು: "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರ ಬೆಕ್ಕು!" ಮಾಸೂರಿನ ಕಡೆಯ ಗದ್ದೆಗಳಿಗೆ ಹೊರಟ ಹೆಂಗಸರು ಕಿಟಕಿಯ ಬಳಿ ನಿಂತು ಕೇಳಿ ಹೋಗುತ್ತಿದ್ದರು.

ಆ ಬೆಳಿಗ್ಗೆ ಹಿರೇಕೆರೂರಿನಿಂದ ಅತೀಕ ಬಂದಿದ್ದ. ಅಕ್ಷರದ ಹೆಸರು ಬಿಟ್ಟು ಅದರ ಸದ್ದು ಹಿಡಿದು ಓದಿಸುವುದು ಹೇಗೆಂದು ಶಿಕ್ಷಕರಿಗೆ ಐದು ದಿನ ತರಬೇತಿ ಕೊಟ್ಟವನು ಅವನೇ. ಅಲ್ಲಿ ಕೊಟ್ಟ ಕಾರ್ಡುಗಳನ್ನು ಸುಧಾರಾಣಿ ಕಪಾಟಿಗೆ ತುರುಕಿ ಬೀಗ ಹಾಕಿದ್ದಳು.

ಅತೀಕ ಬೋರ್ಡಿನ ಮೇಲಿದ್ದ 'ಕ್ಯಾಟ್' ಪದದ ಮೊದಲ ಅಕ್ಷರ ಒರೆಸಿ 'ಎಂ' ಬರೆದ. "ಓದವ್ವಾ."

ರಾಜಶ್ರೀ ತಡವರಿಸಲೇ ಇಲ್ಲ. "ಎಂ ಎ ಟಿ ಕ್ಯಾಟ್, ಕ್ಯಾಟ್ ಅಂದ್ರ ಬೆಕ್ಕು!"

ಹದಿನೆಂಟು ಬಾಯಿಗಳೂ ಅದನ್ನೇ ಕೂಗಿದವು.

ಸುಧಾರಾಣಿ ಸರಸರನೆ ವರಾಂಡಕ್ಕೆ ನಡೆದಳು. ಅತೀಕ ಹಿಂದೆ ಬಂದ.

"ನೀವು ಏನಂತೀರಿ ಗೊತ್ತೈತ್ರಿ ನನಗ."

"ನಾ ಏನೂ ಅನ್ನಂಗಿಲ್ರಿ ಮೇಡಂ. ಬಾಯಿ ಗಟ್ಟಿ ಅದಾವ. ಕಣ್ಣಿಗೆ ನಾವು ಕೆಲಸಾನ ಕೊಟ್ಟಿಲ್ಲ."

"ನಿಮಗೇನ್ರಿ, ಬೈಕ್ ಹತ್ತಿ ಹೋಗ್ತೀರಿ. ಹ್ವಾದ ವರ್ಷ ಹನ್ನೊಂದು ಹುಡುಗ್ರು ರಟ್ಟೀಹಳ್ಳಿ ವ್ಯಾನ್ ಹತ್ತಿ ಇಂಗ್ಲಿಷ್ ಸಾಲಿಗೆ ಹೋದ್ರು. ರಾಜಶ್ರೀ ಅವ್ವನೂ ಪಾಲಕರ ಸಭಾ ನೋಡಿ ಹೇಳ್ತೇನಿ ಅಂದಾಳ. ಆಕಿ ಮುಂದ ಮ್ಮ್ ಮ್ಮ್ ಅಂತ ಎಮ್ಮಿ ಹಂಗ ಒದರಸ್ಲೇನು? ಇನ್ನ ನಾಕು ಮಂದಿ ಹೋದ್ರ ಸಾಲಿ ಮುಚ್ಚತೈತಿ!"

"ಮುಚ್ಚಬಹುದ್ರಿ," ಎಂದ ಅತೀಕ. ಸಮಾಧಾನದ ಸುಳ್ಳು ಹೇಳಲಿಲ್ಲ.

ಮಧ್ಯಾಹ್ನ ಸುಧಾರಾಣಿ ಊಟದ ಡಬ್ಬಿ ಮುಚ್ಚಿಟ್ಟಳು. ಕೂತಳು, ಎದ್ದಳು, ಮತ್ತೆ ಕೂತಳು. ಹುಡುಗಿಯ ಹೆಮ್ಮೆಯ ಮುಖ ಬಿಡದೆ ಕಾಡುತ್ತಿತ್ತು. ತಾನು ತಪ್ಪು ಓದಿದ್ದು ಆ ಕೂಸಿಗೆ ಗೊತ್ತೇ ಆಗಿರಲಿಲ್ಲ. ಮೂರು ಗಂಟೆಗೆ ಸುಧಾರಾಣಿ ಕಪಾಟು ತೆರೆದು ಕಾರ್ಡುಗಳನ್ನು ಹೊರತೆಗೆದಳು.

ಒಂದೂವರೆ ತಿಂಗಳ ಮೇಲೆ ಪಾಲಕರ ಸಭೆ. ರಾಜಶ್ರೀಯ ಅವ್ವ ಉಡಚವ್ವ ಕೂಲಿ ಬಿಟ್ಟು ಬಂದು ಮುಂದೆಯೇ ಕೂತಿದ್ದಳು. "ನನ್ನ ಮಗಳ ಇಂಗ್ಲಿಷ್ ಕೇಳಸ್ರಿ ಅಕ್ಕೋರ."

ಮೇಜು ಕುಟ್ಟಿದ್ದರೆ ಸಾಕಿತ್ತು, ಹಳೆಯ ಬಾಯಿಪಾಠ ಮೊಳಗುತ್ತಿತ್ತು. ಸುಧಾರಾಣಿ ಬೋರ್ಡಿನತ್ತ ತಿರುಗಿ, ಮಕ್ಕಳು ಎಂದೂ ಬಾಯಿಪಾಠ ಮಾಡದ ಮೂರಕ್ಷರದ ಪದವೊಂದನ್ನು ಬರೆದಳು.

"ಪ್..." ರಾಜಶ್ರೀ ನಿಂತಳು. "ಪ್... ಎ..."

ಯಾರೋ ಕೆಮ್ಮಿದರು. "ಮೊದ್ಲ ಗಡಗಡ ಹೇಳ್ತಿತ್ತಲ್ಲ ಕೂಸು, ಇದೇನಾತು?" ಎಂದ ಇನ್ನೊಂದು ಮಗುವಿನ ಅಪ್ಪ ಉಳಿವೆಪ್ಪ. ಬೋರ್ಡಿನ ಮೇಲಿನ ಪದ ಸುಧಾರಾಣಿಯ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದಳು.

"ಪ್... ಎ... ನ್. ಪೆನ್!" ಹುಡುಗಿ ತಾನೇ ಬೆಚ್ಚಿದಳು. "ಅವ್ವಾ, ಪೆನ್ನು!"

ಉಡಚವ್ವ ಹುಬ್ಬು ಗಂಟಿಕ್ಕಿದಳು. "ಯಾರು ಹೇಳಿಕೊಟ್ರು ನಿನಗ?"

"ಯಾರೂ ಇಲ್ಲವ್ವಾ. ಅಲ್ಲೇ ಬರದೈತಿ."

"ಒಂದು ಶಬ್ದಕ್ಕ ಇಷ್ಟೊತ್ತು ಹಿಡದ್ರ..." ಎನ್ನುತ್ತ ಉಳಿವೆಪ್ಪ ಏಳಲು ಹೊರಟ.

"ಕುಂಡ್ರೋ ಮಾರಾಯಾ," ಎಂದಳು ಉಡಚವ್ವ, ಬೋರ್ಡಿನಿಂದ ಕಣ್ಣು ಕೀಳದೆ. "ಅಕ್ಕೋರ, ಇನ್ನೊಂದು ಬರೀರಿ."