ನಾನೂರು ಕೆಂಪು ಲೇಬಲ್ಲು

ಹಣ್ಣಿನ ಪೆಟ್ಟಿಗೆಯ ಹಳೇ ಲೇಬಲ್ಲುಗಳ ಬಗ್ಗೆ ಈ ಬೇ ಏರಿಯಾದ ಕನ್ನಡಿಗರಲ್ಲಿ ನನ್ನಷ್ಟು ತಿಳಿದವರಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಲಾಸ್ ಗ್ಯಾಟೋಸ್ ಪಕ್ಕದ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಅದನ್ನೇ ವಿವರಿಸುತ್ತೇನೆ. ಈ ಕಣಿವೆಯ ತುಂಬ ತೋಟಗಳಿದ್ದ ಕಾಲದಲ್ಲಿ ಹಣ್ಣು ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗುತ್ತಿತ್ತು. ಅಲ್ಲಿನ ಹರಾಜಿನಲ್ಲಿ ವ್ಯಾಪಾರಿಯ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಹಣ್ಣಲ್ಲ, ಮರದ ಪೆಟ್ಟಿಗೆಯ ತುದಿಗೆ ಅಂಟಿಸಿದ ಬಣ್ಣದ ಚಿತ್ರ. ರಟ್ಟಿನ ಡಬ್ಬ ಬಂದ ಮೇಲೆ ಅದೆಲ್ಲ ಮುಗಿಯಿತು.

ಹೋದ ವರ್ಷ ನನ್ನ ಗಂಡ ಸಂಪತ್ ದೀಪಾವಳಿಗೆ ಒಣ ಏಪ್ರಿಕಾಟಿನ ಗಿಫ್ಟ್ ಬಾಕ್ಸ್ ಮಾರಲು ಹೊರಟರು. ಹಳೇ ಮಾದರಿಯ ಲೇಬಲ್ಲು ಅಂಟಿಸೋಣ ಎಂದವಳು ನಾನೇ. ಇವರು ಕೆಂಪು ಬಣ್ಣ ಆರಿಸಿದರು.

"ಕೆಂಪು ಬೇಡ ರೀ. ಆಗ ಎಷ್ಟೋ ಕಂಪನಿಯವ್ರು ನೀಲಿಯನ್ನ ಫಸ್ಟ್ ಕ್ವಾಲಿಟಿಗೆ, ಕೆಂಪನ್ನ ಸೆಕೆಂಡಿಗೆ ಹಾಕ್ತಿದ್ರು."

"ಎಂತ ಮಾರಾಯ್ತಿ, ಹಬ್ಬಕ್ಕೆ ಕೆಂಪೇ ಶುಭ. ನಿನ್ನ ಮ್ಯೂಸಿಯಮ್ ಕತೆ ಯಾರಿಗೆ ಬೇಕು?"

ಮೂರು ಸಲ ಹೇಳಿದೆ. ಮೂರನೇ ಸಲ ಇವರು ಫೋನಿನಿಂದ ತಲೆ ಎತ್ತಲೂ ಇಲ್ಲ.

ಪ್ಲೆಸೆಂಟನ್ನಿನ ಒಂದು ಆಫೀಸಿಗೆ ಕೆಂಪು ಲೇಬಲ್ಲಿನ ನಾನೂರು ಬಾಕ್ಸ್ ಹೋದವು. ಅಲ್ಲಿನ ಮ್ಯಾನೇಜರು ಹಳೇ ತೋಟದವರ ಮೊಮ್ಮಗಳು. ನಮಗೇಕೆ ಎರಡನೇ ದರ್ಜೆಯ ಮಾಲು ಎಂದು ಕೇಳಿ ಅಷ್ಟನ್ನೂ ವಾಪಸ್ ಕಳಿಸಿದಳು. ಗ್ಯಾರೇಜಿನಲ್ಲಿ ನಿಂತು ಇವರು ನನ್ನ ಮೇಲೆ ಹಾರಾಡಿದರು: "ಗೊತ್ತಿದ್ರೆ ಸರಿಯಾಗಿ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ?" ಮೈ ಉರಿದುಹೋಯಿತು. ಆದರೂ ಕೂತು ನಾನೂರು ಲೇಬಲ್ಲು ಕಿತ್ತು, ನೀಲಿಯವನ್ನು ಅಂಟಿಸಿದೆ. ಆಫೀಸಿನವರು ಮರಳಿ ತೆಗೆದುಕೊಂಡರು.

ಈ ವರ್ಷ ಸ್ಯಾನ್ ಮಟಿಯೋದಲ್ಲಿ ನಡೆದ ಕನ್ನಡದವರ ಕಾರ್ಯಕ್ರಮದಲ್ಲಿ ನಮ್ಮ ಬಾಕ್ಸಿನ ಬಗ್ಗೆ ಮಾತಾಡಿ ಎಂದು ಇವರಿಗೆ ಮೈಕು ಕೊಟ್ಟರು. ನೀಲಿ, ಕೆಂಪು, ಹರಾಜು, ರೈಲು, ಎಲ್ಲವನ್ನೂ ನನ್ನದೇ ಮಾತುಗಳಲ್ಲಿ ಹೇಳಿದರು. ನಾನು ಏಪ್ರಿಕಾಟಿನ ತಟ್ಟೆ ಹಿಡಿದು ಕೇಳುತ್ತಾ ನಿಂತಿದ್ದೆ. ಚಪ್ಪಾಳೆ ಜೋರಾಗಿತ್ತು.

ಮುಗಿದ ಮೇಲೆ ಶಿವಾನಿ ಎಂಬ ಹುಡುಗಿ ಓಡಿ ಬಂದಳು. "ಅಂಕಲ್, ಇಷ್ಟೆಲ್ಲಾ ಹೇಗೆ ಗೊತ್ತಾಯ್ತು ನಿಮ್ಗೆ?"

"ತುಂಬಾ ರಿಸರ್ಚ್ ಮಾಡಿದ್ದೇನೆ."

ಅವಳು ನನ್ನ ಕಡೆ ತಿರುಗಿದಳು. "ಆಂಟಿ, ನೀವೂ ಹೆಲ್ಪ್ ಮಾಡಿದ್ರಾ?"

"ಅವಳಿಗೆ ಇದ್ರಲ್ಲೆಲ್ಲ ಇಂಟರೆಸ್ಟಿಲ್ಲ, ಪ್ಯಾಕಿಂಗ್ ನೋಡ್ಕೊಳ್ತಾಳೆ. ಅಲ್ವಾ ಆಶಾ?"

ಹುಡುಗಿ ನನ್ನ ಉತ್ತರಕ್ಕೆ ಕಾದು ನಿಂತಳು. ಒಂದೇ ಒಂದು ಮಾತು ಸಾಕಿತ್ತು.

"ಹೌದಮ್ಮ," ಎಂದೆ.

ಇವರ ಮೇಲಿನ ಸಿಟ್ಟು ಎಂದಾದರೂ ಆರೀತು. ಹೌದು ಅಂದವಳ ಮೇಲಿನದು ಆರುವುದಿಲ್ಲ.