ಪೊಲೀಸ್ ಗಾಡಿ ತಡವಾಗಿ ಬಂದ ಸಂಜೆ

"ಅಕ್ಕಾ, ಅವನು ಬಂದ."

ತಂಗಿ ಹೇಳಿದ್ದು ಅಷ್ಟೇ. ದರ್ಜಿ ಅಕ್ಕ ಹೊಲಿಗೆ ಯಂತ್ರದಿಂದ ಕಾಲು ತೆಗೆದು ಬೀದಿ ಕಡೆ ನೋಡಿದಳು. ತಂಗಿಯ ಗಂಡ ರಸ್ತೆ ದಾಟುತ್ತಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಹೊಡೆತ ತಾಳಲಾರದೆ ತಂಗಿ ಅವನನ್ನು ಬಿಟ್ಟು ಬಂದಾಗಿನಿಂದ ಅವನು ಆಗಾಗ ಅಂಗಡಿ ಮುಂದೆ ನಿಂತು ಕೂಗಾಡಿ ಹೋಗುತ್ತಿದ್ದ. ಸಲಾಕೆ ಹಿಡಿದು ಬಂದದ್ದು ಇದೇ ಮೊದಲು.

ಇಬ್ಬರೂ ಸೇರಿ ಷಟರ್ ಎಳೆದರು. ಒಳಗಿನ ಚಿಲಕ ಹಾಕುವಷ್ಟರಲ್ಲಿ ಮೊದಲ ಏಟು ಬಿತ್ತು.

ತಂಗಿ ತುರ್ತು ಸಂಖ್ಯೆ ಒತ್ತಿದಳು. ಅತ್ತ ಕಡೆಯ ದನಿ ಸಮಾಧಾನವಾಗಿ ಕೇಳಿತು. "ಎಲ್ಲಿದ್ದೀರಿ? ಹತ್ತಿರ ಏನಿದೆ? ಅವನ ಕೈಯಲ್ಲಿ ಏನಿದೆ? ಫೋನ್ ಇಡಬೇಡಿ, ಗಾಡಿ ಕಳಿಸ್ತಿದ್ದೀವಿ."

ಗಾಡಿ ಬರಲಿಲ್ಲ. ಷಟರ್ ಒಳಕ್ಕೆ ಬಾಗತೊಡಗಿತು. ಬಟ್ಟೆ ಕತ್ತರಿಸುವ ಮೇಜನ್ನು ಅಡ್ಡ ನೂಕಿ ಇಬ್ಬರೂ ಬೆನ್ನು ಕೊಟ್ಟು ನಿಂತರು. ಒಂದೊಂದು ಏಟಿಗೂ ಸೂಜಿ ಡಬ್ಬಿ ಕುಣಿಯುತ್ತಿತ್ತು.

"ಬರ್ತಾರಾ ಅಕ್ಕಾ?"

ದರ್ಜಿ ಅಕ್ಕ ಮೇಜಿಗೆ ಬೆನ್ನು ಇನ್ನಷ್ಟು ಒತ್ತಿದಳು. "ಬರ್ತಾರೆ ಕಣೇ," ಎಂದಳು. ಆ ಮಾತನ್ನು ಅವಳೇ ನಂಬಿರಲಿಲ್ಲ.

ಷಟರಿನ ಅಂಚು ಎದ್ದಿತು. ಸಂದಿಯಿಂದ ನುಗ್ಗಿದ ಸಲಾಕೆ ತಂಗಿಯ ಮುಂಗೈಗೆ ಬಡಿಯಿತು. ಮೂಳೆ ಮುರಿದ ಸದ್ದು ಅಕ್ಕನಿಗೂ ಕೇಳಿಸಿತು. ಸೈರನ್ ಕೇಳಿಸಿದ್ದು ಆಮೇಲೆ. ಸಲಾಕೆ ಬಿಸಾಕಿ ಓಡಿದವನನ್ನು ಪೇದೆಗಳು ಬೀದಿಯ ತುದಿಯಲ್ಲಿ ಹಿಡಿದರು.

ಮರುದಿನ ಮಹಡಿ ಮನೆಯ ಗೆಳತಿ ತಂಗಿಯನ್ನು ನೋಡಲು ಬಂದಳು. ಅವಳಿಗೆ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ. ಎಲ್ಲರ ಬಾಯಲ್ಲೂ ಅವಳು ವೈರ್‌ಲೆಸ್ಸಕ್ಕ. ಆ ಹೆಸರು ಕೆಲಸದಿಂದ ಬಂತೋ ಬಾಯಿಂದ ಬಂತೋ ಎಂದು ಅವಳ ಗಂಡನೇ ನಗುತ್ತಿದ್ದ. ಅವತ್ತು ಯಾರೂ ನಗಲಿಲ್ಲ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ನಿಮ್ಮೋರು ಬರೋದೇ ಹಾಗೆ," ಎಂದು ದರ್ಜಿ ಅಕ್ಕ ಮುಖ ತಿರುಗಿಸಿದಳು.

"ಬೈಯಿ, ತಪ್ಪು ನಮ್ಮದೇ. ಆ ಹೊತ್ತಿಗೆ ಪಾಳಿ ಬದಲಾಗುತ್ತೆ, ಗಾಡಿಗಳು ಠಾಣೆಗೆ ವಾಪಸು ಬರ್ತವೆ. ಹೊರಗಿದ್ದದ್ದು ಒಂದೇ, ಅದೂ ರೈಲು ಹಳಿ ಆಚೆ."

"ಆ ಹೊತ್ತಲ್ಲಿ ಇಲ್ಲೊಂದು ಗಾಡಿ ನಿಲ್ಲಿಸೋಕೆ ಏನು ರೋಗ?"

"ಯಾವ ಹೊತ್ತಲ್ಲಿ ಎಲ್ಲಿಂದ ಹೆಚ್ಚು ಕರೆ ಬರುತ್ತೆ ಅಂತ ನೋಡಿ ಗಾಡಿ, ಜನ ಹಂಚ್ತಾರೆ. ನಮ್ಮ ಬೀದಿಯಿಂದ ಕರೇನೇ ಬರಲ್ಲ. ಠಾಣೆ ಲೆಕ್ಕದಲ್ಲಿ ಇದು ಶಾಂತವಾದ ಬೀದಿ. ಅವನು ಹಿಂದೆ ಬಂದು ಕೂಗಾಡ್ದಾಗ ನೀನು ಫೋನ್ ಮಾಡಿದ್ಯಾ?"

"ಮಾಡಿದ್ರೂ ಲೇಟಾಗೇ ಬರ್ತಾರೆ ಅಂತ ಬಿಟ್ಟೆ."

"ಗಾಡಿ ಬರಲ್ಲ ಅಂತ ನೀವು ಹೇಳಲ್ಲ, ನೀವು ಹೇಳಲ್ಲ ಅಂತ ಗಾಡಿ ಇಡಲ್ಲ. ಅಳತೇನೇ ಕೊಡದೆ ಅಂಗಿ ಬಿಗಿಯಾಯ್ತು ಅಂತ ಯಾರಾದ್ರೂ ಬಂದ್ರೆ ನೀನೇನಂತೀಯ?"

ದರ್ಜಿ ಅಕ್ಕ ರೇಗಿದಳು. "ಅಂದ್ರೆ ಇವಳ ಕೈ ಮುರಿದದ್ದು ನನ್ನಿಂದಾನಾ?"

"ಮುರಿದವನು ಅವನು." ವೈರ್‌ಲೆಸ್ಸಕ್ಕನ ದನಿ ತಗ್ಗಿತು. "ಆದ್ರೆ ನಾಳೆ ಅವನಿಗೆ ಜಾಮೀನು ಸಿಗಬಹುದು. ಆಗೇನು ಮಾಡೋಣ, ಹೇಳು."

ತಂಗಿ ಪಟ್ಟಿ ಹಾಕಿದ ಕೈಯನ್ನು ಮಡಿಲಿಗೆಳೆದುಕೊಂಡಳು. ಅಕ್ಕನ ಸಿಟ್ಟು ಅಲ್ಲೇ ಇಳಿಯಿತು.

ಠಾಣೆಯಲ್ಲಿ ಆಗಾಗ ನಾಗರಿಕರ ಸಭೆ ನಡೆಯುತ್ತದೆ ಎಂಬುದು ವೈರ್‌ಲೆಸ್ಸಕ್ಕ ಹೇಳುವವರೆಗೂ ಬೀದಿಯವರಿಗೆ ಗೊತ್ತಿರಲಿಲ್ಲ. ಮುಂದಿನ ಸಭೆಗೆ ದರ್ಜಿ ಅಕ್ಕ ಅಕ್ಕಪಕ್ಕದ ಹೆಂಗಸರನ್ನು ಕಟ್ಟಿಕೊಂಡು ಹೋದಳು. ಮಬ್ಬಾಗುವ ಹೊತ್ತಿಗೆ ಏನೇನಾಗುತ್ತದೆಂದು ಒಬ್ಬೊಬ್ಬರೂ ಹೇಳಿದರು. ಅಧಿಕಾರಿ ಕೊನೆಯವರೆಗೂ ಕೇಳಿ, "ಜನ ಹೆಚ್ಚಿಸೋದು ನನ್ನ ಕೈಲಿಲ್ಲಮ್ಮ. ಮೇಲಕ್ಕೆ ಬರೀತೀನಿ," ಎಂದರು.

ದರ್ಜಿ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಎದ್ದು ನಿಂತಳು. "ಇರೋ ಜನರನ್ನ ಬೇಕಾದ ಹೊತ್ತಿಗೆ ಬೇಕಾದ ಕಡೆ ನಿಲ್ಲಿಸೋದು ನಿಮ್ಮ ಕೈಲಿದೆಯಲ್ಲ ಸಾರ್?"

ಅಧಿಕಾರಿ ಅದನ್ನು ಬರೆದುಕೊಂಡರು. ಆಮೇಲೆ ಪಾಳಿ ಹಂಚುವ ಸಿಬ್ಬಂದಿಯನ್ನು ಕರೆಸಿದರು. ಎಲ್ಲ ಗಾಡಿಗಳೂ ಒಟ್ಟಿಗೆ ಠಾಣೆಗೆ ಮರಳುವುದು ಮೊದಲು ನಿಂತಿತು. ಅರ್ಧ ಮಂದಿ ಪಾಳಿ ಬದಲಿಸುವಾಗ ಉಳಿದರ್ಧ ಹೊರಗಿರತೊಡಗಿದರು. ಬೀದಿಯವರೂ ತೊಂದರೆಯಾದಾಗಲೆಲ್ಲ ಫೋನ್ ಮಾಡತೊಡಗಿದರು. ಕೆಲವು ತಿಂಗಳ ಕರೆಗಳನ್ನು ನೋಡಿದ ಮೇಲೆ ಸಂಜೆ ಹೊತ್ತಿಗೆ ಬೀದಿಯ ಪಕ್ಕದ ಮಾರುಕಟ್ಟೆ ಮೂಲೆಯಲ್ಲಿ ಒಂದು ಗಾಡಿ ದಿನವೂ ನಿಲ್ಲತೊಡಗಿತು.

ಜಾಮೀನಿನ ಮೇಲೆ ಹೊರಬಂದ ತಂಗಿಯ ಗಂಡ ಒಂದು ಸಂಜೆ ಮತ್ತೆ ಬಂದ. ಒಂದು ಕೈ ಜೇಬಿನಲ್ಲಿತ್ತು. ದರ್ಜಿ ಅಕ್ಕ ಈ ಸಲ ಏಟು ಬೀಳಲಿ ಎಂದು ಕಾಯಲಿಲ್ಲ. ಅವನು ತಿರುವಿನಲ್ಲಿ ಕಂಡ ಕೂಡಲೇ ಫೋನ್ ಮಾಡಿ, ಬೀದಿ, ಹತ್ತಿರದ ಔಷಧಿ ಅಂಗಡಿ, ಅವನ ಅಂಗಿಯ ಬಣ್ಣ ಎಲ್ಲ ಹೇಳಿದಳು. ಅವನು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಗಾಡಿ ಅವನ ಬೆನ್ನ ಹಿಂದೆ ಬಂದು ನಿಂತಿತು. ಪೇದೆ ಅವನ ಜೇಬಿನಿಂದ ಚೂರಿ ತೆಗೆದ.

ಗಾಡಿ ಅವನನ್ನು ಕೂರಿಸಿಕೊಂಡು ಹೋಗುವ ತನಕ ತಂಗಿ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಉಸಿರು ಬಿಟ್ಟು ಹೇಳಿದಳು, "ಹಿಂದಿನ ಬೀದಿಯೋರೂ ಫೋನ್ ಮಾಡಲ್ಲ ಅಕ್ಕಾ. ಹೋಗಿ ಹೇಳಿ ಬರೋಣ ನಡಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಭಯ ಠಾಣೆಗೆ ತಾನಾಗಿ ತಿಳಿಯುವುದಿಲ್ಲ. ಅಪಾಯ ಕಂಡ ಕೂಡಲೇ ಫೋನ್ ಮಾಡಿ, ಗುರುತಿನ ಜಾಗ ಹೇಳಿ. ಸುಳ್ಳು ಕರೆ ಮಾಡಬೇಡಿ. ಆ ಹೊತ್ತಿಗೆ ಇನ್ಯಾರೋ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರಬಹುದು. ಠಾಣೆಯ ಸಭೆಗೆ ಹೋಗಿ, ಸಂಜೆ ನಮ್ಮ ಕಡೆ ಎಷ್ಟು ಗಾಡಿ ಇರುತ್ತವೆ ಎಂದು ಕೇಳಿ. ನೀವು ಕೇಳಿದರೆ ಅವರು ಉತ್ತರ ಹುಡುಕಲೇಬೇಕಾಗುತ್ತದೆ.