ಓದದೆ ಬಿಟ್ಟ ಸಾಲುಗಳು

"ಸ್ವಲ್ಪ ವಾಲಿಸಿ, ಗೋಡೆಗೆ ತಗಲುತ್ತೆ!" ಎಂದು ಬಡಗಿ ಕೂಗಿದ. ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೆಳಗಿನಿಂದ ಮಗಳು ಭುಜ ಕೊಟ್ಟು ನಿಂತಿದ್ದಳು. ಬದುಕಿದ್ದಾಗ ಯಾರಿಗೂ ಭಾರವಾಗದ ಅಪ್ಪ, ಹೋಗುವಾಗ ನಾಲ್ಕು ಜನರ ಬೆವರಿಳಿಸಿದ.

ಪಕ್ಕದ ಮನೆಯ ಇಸ್ತ್ರಿಯಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳ್ಳೆಯವಳೇ, ಆದರೆ ಅವಳ ಬಾಯಲ್ಲಿ ಎಳ್ಳು ನೆನೆಯದು.

"ಎಂಥಾ ಮನುಷ್ಯ! ಕಣ್ಣು ಹೋಗಿ ಎರಡು ವರ್ಷ ಆಗಿತ್ತು. ನನ್ನನ್ನ ದನಿಯಲ್ಲೇ ಗುರುತು ಹಿಡೀತಿದ್ರು. ಆದ್ರೂ ಅಂಚೆ ಕಚೇರಿಗೆ ಹೋಗಿ ಮುದ್ರೆ ಒತ್ತೋದು ಒಂದು ದಿನ ತಪ್ಪಿಸ್ಲಿಲ್ಲ ನೋಡಿ."

ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಪತ್ತೇದಾರ ತಲೆ ಎತ್ತಿದ. ಅದನ್ನು ಕಂಡ ಮಗಳು ಪೆಟ್ಟಿಗೆಯ ಮರೆಗೆ ಮುಖ ತಿರುಗಿಸಿದಳು.

* * *

ಅದು ನೆಪೋಲಿಯನ್ನನ ಯುದ್ಧಗಳ ಕಾಲ. ಮನೆಮನೆಯಿಂದ ಹುಡುಗರನ್ನು ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು. ತಪ್ಪಿಸಿಕೊಂಡು ಅಡಗಿದವರನ್ನು ಹಿಡಿಯಲು ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಊರವರ ಕಾಗದಗಳನ್ನು ಗುಟ್ಟಾಗಿ ಒಡೆಯುತ್ತಿದ್ದರು. ಒಡೆಯುವವನು ಅಪ್ಪ. ಕಾಸಿದ ತೆಳು ಚಾಕುವಿನಿಂದ ಅರಗು ಬಿಡಿಸಿ, ಓದಿ ಹೇಳಿ, ಮತ್ತೆ ಅಂಟಿಸಿದರೆ ದೇವರಿಗೂ ಗೊತ್ತಾಗದು. ನಕಲು ಬರೆದುಕೊಳ್ಳುವವಳು ಮಗಳು. ಆ ನಕಲುಗಳು ಪತ್ತೇದಾರನ ಕೈ ಸೇರುತ್ತಿದ್ದವು. ಕಣ್ಣು ಹೋದ ಮೇಲೂ ಅಪ್ಪನ ಬೆರಳು ತಪ್ಪಲಿಲ್ಲ. ಓದುವುದು ಮಾತ್ರ ಮಗಳ ಪಾಲಿಗೆ ಬಂತು. ಅಪ್ಪ ದಿನವೂ ಮಗಳ ತೋಳು ಹಿಡಿದೇ ಬರುತ್ತಿದ್ದುದರಿಂದ, ಮುಚ್ಚಿದ ಬಾಗಿಲೊಳಗಿನ ಈ ಬದಲಾವಣೆ ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಒಂದು ದಿನ ಇಸ್ತ್ರಿಯಕ್ಕನ ಕಾಗದ ದೂರದ ಗಿರಣಿಯವನ ಹೆಸರಿಗೆ ಹೊರಟಿತ್ತು. ಒಳಗೆ, ಅಲ್ಲಿ ಅಡಗಿದ್ದ ಅವಳ ಮಗನಿಗೆ ನಾಲ್ಕು ಬುದ್ಧಿಮಾತು. ಮಗಳು ಓದುತ್ತಾ ತಡೆದಳು.

"ಯಾಕೆ ನಿಲ್ಲಿಸ್ದೆ?"

"ಅಕ್ಷರ ಅಳಿಸಿದೆ ಅಪ್ಪ."

ಅಪ್ಪ ಕಾಗದದ ಮೇಲೆ ಬೆರಳಾಡಿಸಿದ. "ಅಳಿಸಿದ್ದನ್ನ ಬರೆಯೋಕಾಗುತ್ತೇನು? ಮುಂದಿನದು ಓದು" ಎಂದು ಅರಗು ಕಾಸಲು ತಿರುಗಿದ. ಅಂದು ಅಪ್ಪನ ಮೇಲೆ ಬಂದಷ್ಟು ಪ್ರೀತಿ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಎರಡು ವರ್ಷದಲ್ಲಿ ಹಾಗೆ ಅಳಿಸಿಹೋದ ಸಾಲುಗಳಿಂದ ಹನ್ನೊಂದು ಹುಡುಗರು ಸಿಕ್ಕಿಬೀಳದೆ ಉಳಿದರು.

* * *

ಮಣ್ಣು ಮಾಡಿ ಜನ ಚದುರಿದ ಮೇಲೆ ಪತ್ತೇದಾರ ಅವಳ ಪಕ್ಕಕ್ಕೆ ಬಂದ.

"ಎರಡು ವರ್ಷದಿಂದ ಓದ್ತಿರೋಳು ನೀನು. ಎರಡು ವರ್ಷದಿಂದಲೇ ನನಗೆ ಹುಡುಗರು ಸಿಕ್ತಿಲ್ಲ. ಅಲ್ವಾ ತಾಯಿ?"

ಕೈಕೋಳ ಬಿತ್ತೆಂದೇ ಮುಂಗೈಗಳನ್ನು ಶಾಲಿನೊಳಕ್ಕೆ ಎಳೆದುಕೊಂಡಳು.

"ಹೆದರಬೇಡ. ನಾಳೆ ಬಂದು ಅಪ್ಪನ ಕುರ್ಚೀಲಿ ಕೂತ್ಕೋ." ಅವನ ದನಿ ಇಳಿಯಿತು. "ಹೋದ ತಿಂಗಳು ನನ್ನ ಮಗನೂ ಓಡಿಹೋದ. ಅವನಮ್ಮನಿಗೆ ಕಾಗದ ಬರೀತಾನೆ. ಆ ಕುರ್ಚಿಗೆ ಬೇರೆಯವರು ಬಂದ್ರೆ ಅವನು ಸತ್ತ ಹಾಗೇ. ಅವನ ಕಾಗದವೊಂದನ್ನ ಓದದೆ ಬಿಡು. ಮಿಕ್ಕ ಕಾಗದ ಓದೋವಾಗ ನಾನು ಪಕ್ಕದಲ್ಲೇ ಕೂತಿರ್ತೀನಿ. ಮೇಲಿನೋರಿಗೆ ನಾನೂ ನಾಲ್ಕು ಹುಡುಗರನ್ನ ಹಿಡಿದು ತೋರಿಸ್ಬೇಕಲ್ಲ. ಒಂದು ಸಾಲು ತಪ್ಪಿದ್ರೂ ನಿನಗೆ ನೇಣು."

ಇಸ್ತ್ರಿಯಕ್ಕ ಬರುವುದನ್ನು ಕಂಡು ಅವನು ಸ್ಮಶಾನದ ಗೇಟಿನತ್ತ ನಡೆದ. ಅವಳು ಮಗಳ ತೋಳು ಹಿಡಿದು ಪಿಸುಗುಟ್ಟಿದಳು:

"ನನ್ನ ಮಗ ನಿಮ್ಮಪ್ಪನ ತೊಡೆ ಮೇಲೆ ಬೆಳೆದೋನು. ಸಾವಿನ ಸುದ್ದಿ ತಿಳಿಸ್ದೇ ಇರೋಕಾಗುತ್ತಾ? ಬೆಳಿಗ್ಗೆಯೇ ಕಾಗದ ಬರೆಸಿ ಅಂಚೆಗೆ ಹಾಕ್ಬಿಟ್ಟೆ. ನಾಳೆ ಹೊರಡುತ್ತಲ್ವಾ?"

ಹೇಳೋಣವೆಂದರೆ ಊರಿಗೆಲ್ಲ ಸಾರುವ ಆ ಬಾಯಿ. ಹೇಳದಿದ್ದರೆ ಸಿಕ್ಕಿಬೀಳುವ ಆ ಹುಡುಗ.

"ಹೊರಡುತ್ತೆ ಅಕ್ಕ" ಎಂದಳು.

ಪತ್ತೇದಾರ ಗೇಟು ತೆರೆದು ಹಿಡಿದಿದ್ದ. ಇಸ್ತ್ರಿಯಕ್ಕ ಅವನಿಗೆ ತಲೆಬಾಗಿ, "ದೇವರು ನಿಮ್ಮ ಮಕ್ಕಳನ್ನ ಚೆನ್ನಾಗಿಟ್ಟಿರಲಿ ಸ್ವಾಮಿ" ಎಂದು ಬೀದಿಗಿಳಿದಳು. ಅವನು ಗೇಟು ಬಿಡದೆ, ಮಗಳು ಬರಲೆಂದು ಕಾಯುತ್ತ ನಿಂತ.